ಡೈಹೌಸ್ ಶಾಲೆಯಲ್ಲೊಂದು ಸೀಟು

ಮಾರ್ಚ್ ಒಂದರ ಬೆಳಿಗ್ಗೆ ನಮ್ಮ ಥಾರ್ನ್‌ಶಾದಲ್ಲಿ ಬಸ್ಸು ಓಡಿಸುವುದು ಅಷ್ಟೇನೂ ಸುಖದ ಕೆಲಸವಲ್ಲ. ಪ್ರಾಥಮಿಕ ಶಾಲೆ ಮುಗಿಸುವ ಮಕ್ಕಳಿಗೆ ಸೆಪ್ಟೆಂಬರಿನಿಂದ ಯಾವ ಹೈಸ್ಕೂಲು ಎಂದು ಕೌನ್ಸಿಲ್ಲಿನವರು ತಿಳಿಸುವ ದಿನ ಅದು. ಆವತ್ತು ಬಸ್ಸಿನ ತುಂಬ ತಾಯಂದಿರು ಫೋನು ಹಿಡಿದು ಕೂತಿರುತ್ತಾರೆ. ನನ್ನ ತಲೆಯ ಮೇಲಿನ ಕನ್ನಡಿಯಲ್ಲಿ ಅವರ ಮುಖ ಅರಳುವುದೂ ಬಾಡುವುದೂ ಕಾಣುತ್ತದೆ. ಒಬ್ಬಳು ಗಂಡನಿಗೆ ಫೋನು ಮಾಡಿ ಬಿಕ್ಕುತ್ತಾಳೆ, ಇನ್ನೊಬ್ಬಳು ಇಳಿಯಬೇಕಾದ ಸ್ಟಾಪು ಮರೆಯುತ್ತಾಳೆ.

ಆ ವರ್ಷ ನನ್ನ ಫೋನೂ ಕೋಟಿನ ಜೇಬಿನಲ್ಲಿ ಒಮ್ಮೆ ನಡುಗಿ ಸುಮ್ಮನಾಗಿತ್ತು. ಸ್ಟೀರಿಂಗ್ ಹಿಡಿದಾಗ ಫೋನು ಮುಟ್ಟಿದರೆ ಕೆಲಸ ಹೋಗುತ್ತದೆ. ಮುಟ್ಟಬೇಕೆಂದು ಅನ್ನಿಸಲೂ ಇಲ್ಲ. ನನ್ನ ಮಗಳು ಮಾರ್ನಿಗೆ ಯಾವ ಶಾಲೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

"ಗೇನರ್, ನಿನ್ನ ಮಗಳದೇನಾಯ್ತೇ?" ಎಂದು ಬ್ರೆಂಡಾ ಕೇಳಿದಳು. ಆಸ್ಪತ್ರೆಯ ಅಡುಗೆಮನೆಗೆ ಹೋಗುವ ಹೆಂಗಸು, ದಿನವೂ ಮುಂದಿನ ಸೀಟು ಅವಳದೇ.

"ಇನ್ನೂ ನೋಡಿಲ್ಲ."

"ಎಂಥಾ ಹೆಂಗಸೇ ನೀನು. ಕರುಳಿದೆಯೋ ಇಲ್ವೋ?"

"ಡೈಹೌಸ್ ಬಿಟ್ರೆ ಇನ್ಯಾವುದು ಬರುತ್ತೆ ಬ್ರೆಂಡಾ. ನಮ್ಮಪ್ಪ ಅಲ್ಲೇ, ನಾನೂ ಅಲ್ಲೇ. ನಮ್ಮನೇಲಿ ಅದೊಂದು ಥರ ಜ್ವರ ಇದ್ದಂಗೆ, ಎಲ್ರಿಗೂ ಬರುತ್ತೆ."

ಅವಳು ನಗಲಿಲ್ಲ. ಕಿಟಕಿಯಾಚೆ ನೋಡುತ್ತ, "ಈಗ ಅದಕ್ಕೆ ಅಕಾಡೆಮಿ ಅನ್ಬೇಕಂತೆ. ನನ್ನ ಮೊಮ್ಮಗ ದಿನಾ ತಿದ್ದುತಾನೆ," ಎಂದಳು.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಫೋನು ತೆಗೆದು ಓದಿದೆ. ಮಾರ್ನಿಗೆ ಆಲ್ಡರ್‌ಬ್ರೋ ಶಾಲೆಯಲ್ಲಿ ಸೀಟು ಕೊಡಲು ಸಂತೋಷವಾಗುತ್ತದೆ ಎಂದು ಬರೆದಿದ್ದರು. ಇನ್ನೊಂದು ಸಲ ಓದಿದೆ. ಆಲ್ಡರ್‌ಬ್ರೋ ಇರುವುದು ಊರಿನ ಆಚೆ ತುದಿಯ ಗುಡ್ಡದ ಮೇಲೆ. ನಮ್ಮ ಮನೆಯಿಂದ ಎರಡು ಬಸ್ಸು ಹಿಡಿಯಬೇಕು. ಈಗ ಆ ಶಾಲೆಗೆ ಮಕ್ಕಳನ್ನು ಕಳಿಸುವವರು ಬೇರೆಲ್ಲೂ ಸಿಗದವರು. ಆದರೆ ನನಗೆ ಚಿಂತೆ ಹತ್ತಿದ್ದು ಅದಕ್ಕಲ್ಲ. ಇದನ್ನು ಅಪ್ಪನಿಗೆ ಹೇಗೆ ಹೇಳುವುದು ಎಂದು.

ಯಾಕೆಂದರೆ ನಮ್ಮಪ್ಪ ಹೆಡ್ಲಿಯ ಕಾಲದಲ್ಲಿ ಆಲ್ಡರ್‌ಬ್ರೋ ಅಂದರೆ ಗ್ರಾಮರ್ ಶಾಲೆ. ಹನ್ನೊಂದನೆಯ ವಯಸ್ಸಿಗೆ ಎಲ್ಲ ಮಕ್ಕಳಿಗೂ ಒಂದು ಪರೀಕ್ಷೆ. ಪಾಸಾದವರು ಗುಡ್ಡ ಹತ್ತಿ ಲ್ಯಾಟಿನ್ ಕಲಿಯುವುದು, ಫೇಲಾದವರು ಹೊಳೆಯ ಪಕ್ಕದ ಡೈಹೌಸ್‌ಗೆ ಹೋಗಿ ಮರಗೆಲಸ ಕಲಿಯುವುದು. ಯುದ್ಧ ಮುಗಿದ ಮೇಲೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ, ಅಂದರೆ ಡೈಹೌಸಿನ, ಹಳೆಯ ಅಂಗಳದಲ್ಲಿ, ಸೈನ್ಯದವರು ಬಿಟ್ಟುಹೋದ ತಗಡಿನ ಮನೆಗಳನ್ನು ತಂದು ನಿಲ್ಲಿಸಿ ಆ ಶಾಲೆ ಕಟ್ಟಿದ್ದರು. ಅಲ್ಲಿನ ಮಣ್ಣೇ ನೀಲಿ. ಮಳೆ ಬಂದರೆ ಅಂಗಳದ ತುಂಬ ನೀಲಿ ಕೊಚ್ಚೆ. ಹುಡುಗರ ಕಾಲುಚೀಲ ನೋಡಿದರೆ ಸಾಕು, ಇವನು ಯಾವ ಶಾಲೆಯವನು ಎಂದು ಊರಿಗೆ ತಿಳಿಯುತ್ತಿತ್ತು. ಫುಟ್‌ಬಾಲ್ ಆಡಲು ಮೈದಾನ ಇರಲಿಲ್ಲ. ಹೆಡ್‌ಮಾಸ್ತರರು ಹುಡುಗರ ಕೈಗೆ ಸಲಿಕೆ ಕೊಟ್ಟು ಹೊಳೆದಂಡೆಯನ್ನು ಸಮ ಮಾಡಿಸಿದರು. ಅಪ್ಪ ಆ ಮೈದಾನ ಅಗೆದವರಲ್ಲಿ ಒಬ್ಬ. "ಬೀಜಗಣಿತದ ಪೀರಿಯಡ್ಡು ಅದು. ನಾವು ಕಲಿತಿದ್ದು ಸಲಿಕೆ," ಎಂದು ಈಗಲೂ ಹೇಳುತ್ತಾನೆ.

ಆಮೇಲೆ ಆ ಪರೀಕ್ಷೆ ತೆಗೆದರು. ಎರಡು ಶಾಲೆಗಳೂ ಎಲ್ಲ ಮಕ್ಕಳಿಗೂ ಎಂದರು. ಕಾಗದದ ಮೇಲೆ ಎರಡೂ ಒಂದೇ. ಆದರೂ ಕಾರಿದ್ದವರು ಗುಡ್ಡ ಹತ್ತಿದರು, ಇಲ್ಲದವರು ಹೊಳೆಯ ಕಡೆಗೆ ಇಳಿದರು. ನಾನು ಸೇರುವ ಹೊತ್ತಿಗೆ ತಗಡಿನ ಮನೆ ಹೋಗಿ ಚಪ್ಪಟೆ ಚಾವಣಿಯ ಕಾಂಕ್ರೀಟು ಬಂದಿತ್ತು. ಅದು ಎಲ್ಲೆಲ್ಲೂ ಸೋರುತ್ತಿತ್ತು. ಕಾರಿಡಾರಿನ ಉದ್ದಕ್ಕೂ ಬಕೆಟ್ಟು. ಫ್ರೆಂಚ್ ಮೇಷ್ಟ್ರು ವರ್ಷಕ್ಕೆ ಮೂವರು ಬದಲಾಗುತ್ತಿದ್ದರು, ಪ್ರತಿಯೊಬ್ಬರೂ ಮೊದಲನೇ ಪಾಠದಿಂದಲೇ ಶುರುಮಾಡುತ್ತಿದ್ದರು. ಇವತ್ತಿಗೂ ನನಗೆ ಫ್ರೆಂಚಿನಲ್ಲಿ ನನ್ನ ಹೆಸರು ಹೇಳಲು ಬರುತ್ತದೆ, ಇನ್ನೇನೂ ಬರುವುದಿಲ್ಲ. ಇನ್ಸ್‌ಪೆಕ್ಟರುಗಳು ಬಂದು ಇದು ಶಾಲೆ ಎನ್ನಿಸಿಕೊಳ್ಳುವ ಯೋಗ್ಯತೆ ಕಳೆದುಕೊಂಡಿದೆ ಎಂದು ಬರೆದರು, ಪತ್ರಿಕೆಯ ಮುಖಪುಟದಲ್ಲಿ ಅದು ಬಂತು. ಅರ್ಧ ಬೆಂಚುಗಳು ಖಾಲಿಯಾದವು. ಹೋಗಬಲ್ಲವರೆಲ್ಲ ಹೋದರು. ನಾವು ಉಳಿದೆವು. ಆ ಬೇಸಿಗೆ ರಜೆಯಲ್ಲಿ ನಮ್ಮಮ್ಮನೂ ಇನ್ನೊಂದಷ್ಟು ತಾಯಂದಿರೂ ಸೇರಿ ಬಸ್ ಡಿಪೋದಲ್ಲಿ ಮಿಕ್ಕಿದ್ದ ಹಸಿರು ಬಣ್ಣ ತಂದು ಕ್ಲಾಸುಗಳಿಗೆ ಬಳಿದರು. ಸೆಪ್ಟೆಂಬರಿನಲ್ಲಿ ನಾವೆಲ್ಲ ಬಸ್ಸಿನೊಳಗೆ ಕೂತು ಪಾಠ ಕೇಳಿದ ಹಾಗಿತ್ತು.

ಅದು ಬದಲಾಗಿದ್ದು ನನ್ನ ಕಣ್ಣೆದುರಿಗೇ, ನನ್ನ ಬಸ್ಸಿನ ಗಾಜಿನಾಚೆಗೆ. ಯಾವುದೋ ಟ್ರಸ್ಟಿನವರು ಶಾಲೆಯನ್ನು ವಹಿಸಿಕೊಂಡರು. ಕಾಂಕ್ರೀಟು ಕೆಡವಿ ಗಾಜಿನ ಕಟ್ಟಡ ಎಬ್ಬಿಸಿದರು. ಥಾರ್ನ್‌ಶಾ ರಿವರ್‌ಸೈಡ್ ಅಕಾಡೆಮಿ ಎಂದು ಹೆಸರಿಟ್ಟರು. ನೇರಳೆ ಬ್ಲೇಜರು ಬಂತು. ಹೊಸ ಹೆಡ್‌ಮಿಸ್ಟ್ರೆಸ್ ದಿನವೂ ಗೇಟಿನಲ್ಲಿ ನಿಂತು ಪ್ರತಿ ಮಗುವಿನ ಕೈ ಕುಲುಕುತ್ತಾಳೆ. ಫಲಿತಾಂಶ ಏರುತ್ತ ಏರುತ್ತ ಪತ್ರಿಕೆಯ ಮುಖಪುಟಕ್ಕೆ ಮತ್ತೆ ಬಂತು. ಕಾರ್ಖಾನೆಯ ಉಳಿದ ಗೋಡೆಗಳ ನಡುವೆ ಫ್ಲಾಟುಗಳು ಎದ್ದವು, ಶಾಲೆಯ ಹೆಸರು ಹೇಳಿಯೇ ಅವನ್ನು ಮಾರಿದರು. ಅಷ್ಟರಲ್ಲಿ ಗುಡ್ಡದ ಮೇಲಿನ ಆಲ್ಡರ್‌ಬ್ರೋದಲ್ಲಿ ಕಲ್ಲಿನ ಗೋಡೆ ಒದ್ದೆಯಾಗುತ್ತ, ಒಳ್ಳೆಯ ಮೇಷ್ಟ್ರುಗಳು ಒಬ್ಬೊಬ್ಬರಾಗಿ ಇಳಿದುಹೋಗುತ್ತ, ಬೆಂಚುಗಳು ಖಾಲಿಯಾಗುತ್ತ ಬಂದವು. ಇದೆಲ್ಲ ನನಗೆ ಗೊತ್ತಿತ್ತು. ದಿನವೂ ನೋಡುತ್ತಿದ್ದೆ. ಆದರೂ ಡೈಹೌಸ್‌ನಲ್ಲಿ ನಮಗೆ ಸೀಟು ಇಲ್ಲ ಅಂದಾರು ಎಂದು ತಲೆಗೆ ಬಂದಿರಲಿಲ್ಲ.

ಟೀ ವಿರಾಮದಲ್ಲಿ ಕೌನ್ಸಿಲ್ಲಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಿದಳು.

"ನಿಮ್ಮ ಮನೆ ಸ್ವಲ್ಪ ದೂರ ಆಯ್ತು ನೋಡಿ," ಎಂದಳು. "ಮೊದಲು ಅಕ್ಕ ಅಣ್ಣ ಅಲ್ಲಿ ಓದ್ತಿರೋ ಮಕ್ಕಳು. ಆಮೇಲೆ ಹತ್ತಿರದವರು. ಗೇಟಿಂದ ನಿಮ್ಮ ಬಾಗಿಲಿಗೆ ನೆಟ್ಟಗೆ ಗೆರೆ ಎಳೆದು ಅಳೀತೀವಿ. ಈ ಸಲ ಕಾಲುವೆ ಸೇತುವೆ ಹತ್ರಾನೇ ಮುಗಿದುಹೋಯ್ತು."

"ಹಾಗಾದ್ರೆ ಕಾಲುವೆ ಪಕ್ಕದ ಬ್ರುಕ್ ಸ್ಟ್ರೀಟ್ ಶಾಲೆ ಆದ್ರೂ ಕೊಡಬಾರದಿತ್ತಾ? ಅದು ನಡೆದುಹೋಗೋ ದೂರ."

ಕೀಬೋರ್ಡಿನ ಸದ್ದು ಕೇಳಿಸಿತು. "ಅದನ್ನ ನೀವು ಅರ್ಜಿಯಲ್ಲಿ ಬರೆದೇ ಇಲ್ವಲ್ಲ ಮೇಡಂ. ಇನ್ನೂ ಹೆಸರು ಬರೆಯೋಕೆ ಜಾಗ ಇತ್ತು. ನೀವು ಒಂದೇ ಬರೆದಿದೀರ. ಎರಡನೇದು ಬ್ರುಕ್ ಸ್ಟ್ರೀಟ್ ಅಂತ ಬರೆದಿದ್ರೆ ಸಿಕ್ಕಿರೋದು. ಈಗ ಅದೂ ತುಂಬಿದೆ."

"ಬೇರೆ ಹೆಸರು ಬರೆದ್ರೆ, ಇವರಿಗೆ ಇದು ಅಷ್ಟೇನೂ ಬೇಕಾಗಿಲ್ಲ ಅಂದ್ಕೋತೀರ ಅಂತ..."

"ಹಾಗೆ ಯಾರೂ ಅಂದ್ಕೊಳಲ್ಲ," ಎಂದಳು ಹುಡುಗಿ. ದನಿಯಲ್ಲಿ ಕೊಂಕಿರಲಿಲ್ಲ. "ಬಹಳ ಜನ ಹೀಗೇ ಮಾಡ್ತಾರೆ. ಪ್ರತಿ ವರ್ಷ ಹೇಳ್ತೀವಿ. ಅಂದ್ಕೊಳೋಕೆ ಅಲ್ಲಿ ಯಾರೂ ಕೂತಿರಲ್ಲ, ಕಂಪ್ಯೂಟರ್ ಅಳೆಯುತ್ತೆ, ಅಷ್ಟೇ."

ಸಂಜೆ ಮಾರ್ನಿಗೆ ಹೇಳಿದೆ. ಅವಳು ಬೀನ್ಸ್ ಹಾಕಿದ ಟೋಸ್ಟು ತಿನ್ನುತ್ತಿದ್ದಳು. ಅವಳಪ್ಪ ಉತ್ತರ ಸಮುದ್ರದ ಎಣ್ಣೆ ಬಾವಿಗಳ ಕೆಲಸಕ್ಕೆ ಹೋದವನು ಅಬರ್ಡೀನಿನಲ್ಲೇ ಬೇರೆ ಮನೆ ಮಾಡಿದ್ದಾನೆ. ಕೆಟ್ಟ ಸುದ್ದಿ ಹೇಳುವುದೆಲ್ಲ ನನ್ನ ಪಾಲಿಗೇ.

"ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳಿದಳು.

"ನೀನಲ್ಲ, ಕೂಸೆ. ನಾನು. ಅಪೀಲು ಹಾಕ್ತೀನಿ."

"ಹಾಕಿದ್ರೆ ಸಿಗುತ್ತಾ?"

"ಸಿಗ್ಬೋದು."

ಅವಳು ನನ್ನ ಮುಖವನ್ನೇ ನೋಡಿ, ಉಳಿದ ಟೋಸ್ಟನ್ನು ತಟ್ಟೆಯ ಅಂಚಿಗೆ ತಳ್ಳಿದಳು.

ಅಪ್ಪನಿಗೂ ಹೇಳಿದೆ. ಅವನು ನಕ್ಕ. ಎಂಬತ್ತು ಸಮೀಪಿಸಿದವನು, ನಕ್ಕರೆ ಕೆಮ್ಮು ಬರುತ್ತದೆ. ಕೆಮ್ಮು ನಿಂತ ಮೇಲೆ, "ನನ್ನ ಒಳಗೆ ಬಿಡದೇ ಇದ್ದೋರು ಇವಳನ್ನ ಕರೀತಿದಾರೆ. ಯಾವಾಗ? ಮನೆ ಬಿದ್ದುಹೋಗೋ ಹೊತ್ತಿಗೆ," ಎಂದ. "ನಾನೂ ಬರ್ತೀನಿ ಗೇನರ್, ಆ ಅಪೀಲಿಗೆ. ಆ ಮೈದಾನ ಅಗೆದೋನು ನಾನು. ನಾನು ಹೇಳಬೇಕು."

"ಅದೆಲ್ಲ ಅವರಿಗೆ ಬೇಕಾಗಲ್ಲ ಅಪ್ಪ."

"ಕೇಳಲಿ. ಕೇಳೋಕೇ ತಾನೇ ಕೂತಿರೋದು."

ಬಸ್ಸಿನಲ್ಲಿ ಎಲ್ಲರಿಗೂ ಒಂದೊಂದು ಸಲಹೆ ಇತ್ತು. ಬ್ರೆಂಡಾಳದು ಎಲ್ಲಕ್ಕಿಂತ ಸುಲಭದ್ದು. "ನಿನ್ನ ನಾದಿನಿ ಆ ಹೊಸ ಫ್ಲಾಟಿನಲ್ಲಿದಾಳಲ್ಲ? ಅವಳ ವಿಳಾಸ ಕೊಡು. ಎಲ್ರೂ ಮಾಡೋದೇ. ಅಲ್ಲೊಂದು ಮನೇಲಿ ಕಾಗದದ ಪ್ರಕಾರ ನಾಲ್ಕು ಸಂಸಾರ ಇದೆಯಂತೆ. ಕಿಟಕೀಲಿ ನೋಡಿದ್ರೆ ಬರೀ ಬೆಕ್ಕು."

"ಸಿಕ್ಕಿಬಿದ್ರೆ?"

"ಸಿಕ್ಕಿಬಿದ್ರೆ ಬೆಕ್ಕಿನ ಮೇಲೆ ಹಾಕು."

ನಾನು ಹಾಗೆ ಮಾಡಲಿಲ್ಲ. ದೊಡ್ಡ ನೀತಿಯಿಂದೇನೂ ಅಲ್ಲ. ವಾರವಿಡೀ ಬೆಳಗಿನ ಪಾಳಿ, ವಾರಾಂತ್ಯಕ್ಕೆ ಇನ್ನೊಂದು ಪಾಳಿ, ನಡುವೆ ಒಗೆಯುವುದು, ಬೇಯಿಸುವುದು. ಸುಳ್ಳು ಹೇಳಿದರೆ ಅದನ್ನು ದಿನವೂ ನೆನಪಿಟ್ಟುಕೊಳ್ಳಬೇಕು. ಅಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಅಪೀಲು ಮೇ ತಿಂಗಳಲ್ಲಿ, ಊರಿನ ಗ್ರಂಥಾಲಯದ ಮಹಡಿಯಲ್ಲಿ. ಉದ್ದನೆಯ ಮೇಜಿನ ಆಚೆ ಮೂವರು. ಸಂಬಳವಿಲ್ಲದೆ ಬಂದು ಕೂರುವ ಊರಿನವರೇ. ನಡುವೆ ಕೂತವಳು ಶ್ರೀಮತಿ ಹೆಸ್ಕೆತ್, ನಿವೃತ್ತ ದಾದಿ. ಕನ್ನಡಕ ಹಣೆಗೇರಿಸಿ ನಮ್ಮಿಬ್ಬರಿಗೂ ನೀರು ಬೇಕೇ ಎಂದು ಕೇಳಿದಳು. ಒಂದು ಪಕ್ಕದಲ್ಲಿ ಶಾಲೆಯ ಕಡೆಯಿಂದ ಬಂದ ಉಪಮುಖ್ಯಸ್ಥ. ನನಗೆ ತಮ್ಮನಾಗುವಷ್ಟು ವಯಸ್ಸು, ತುಂಬ ಮರ್ಯಾದಸ್ಥ. ಮೆಟ್ಟಿಲು ಎಷ್ಟು ಅಗಲ, ಪ್ರಯೋಗಶಾಲೆಯಲ್ಲಿ ಎಷ್ಟು ಮಕ್ಕಳು ನಿಲ್ಲಬಹುದು, ಊಟದ ಹಾಲಿನಲ್ಲಿ ಮೂರು ಸರದಿ ಯಾಕೆ ಎಂದೆಲ್ಲ ವಿವರಿಸಿದ. ಇನ್ನೊಂದು ಮಗು ಬಂದರೆ ಇರುವ ಮಕ್ಕಳಿಗೆ ತೊಂದರೆ, ಅದೇ ಅವನ ಮಾತಿನ ಸಾರ. ನಾನು ಓದುವಾಗ ಒಂದು ಬೆಂಚಿನಲ್ಲಿ ಒಬ್ಬಳೇ ಕಾಲು ಚಾಚಿ ಕೂರುತ್ತಿದ್ದುದು ನೆನಪಾಯಿತು.

"ಮಾರ್ನಿಗೆ ಈ ಶಾಲೆಯೇ ಯಾಕೆ ಬೇಕು, ಹೇಳಿ," ಎಂದಳು ಶ್ರೀಮತಿ ಹೆಸ್ಕೆತ್.

ನಾನು ಬಸ್ಸಿನ ವಿಷಯ ಹೇಳಿದೆ. ನನ್ನ ಪಾಳಿಯ ವಿಷಯ ಹೇಳಿದೆ. ಶಾಲೆ ತೋರಿಸುವ ದಿನ ಮಾರ್ನಿ ಅಲ್ಲಿನ ಪ್ರಯೋಗಶಾಲೆಯಲ್ಲಿ ತಾಮ್ರವನ್ನು ಸುಟ್ಟು ಹಸಿರು ಉರಿ ನೋಡಿದ್ದಳು, ವಾರವಿಡೀ ಅದೇ ಮಾತಾಡಿದ್ದಳು, ಅದನ್ನೂ ಹೇಳಿದೆ. ಹೇಳುವಾಗಲೇ ಗೊತ್ತಾಗುತ್ತಿತ್ತು, ಆವತ್ತು ಆ ಬಾಗಿಲ ಹೊರಗೆ ಕೂತ ತಾಯಂದಿರೆಲ್ಲರಿಗೂ ಇಂಥದೇ ಒಂದು ಹಸಿರು ಉರಿ ಇರುತ್ತದೆ.

ಆಗ ಅಪ್ಪ ಎದ್ದು ನಿಂತ. ಕೂತೇ ಮಾತಾಡಬಹುದು ಎಂದರು. ಅವನು ಕೂರಲಿಲ್ಲ.

"ನಾನು ಆ ಶಾಲೆಗೆ ಹೋದಾಗ ಅದು ಶಾಲೆ ಆಗಿರಲಿಲ್ಲ," ಎಂದ. "ತಗಡು. ನಮ್ಮನ್ನ ಕಳಿಸಿದ್ದು, ನಿಮ್ಮ ತಲೆ ಇಷ್ಟೇ ಅಂತ ಹೇಳಿ. ಆಯ್ತು ಅಂತ ಹೋದ್ವಿ. ಮೈದಾನ ಬೇಕು ಅಂದ್ರು, ಅಗೆದ್ವಿ. ಇವಳ ಕಾಲಕ್ಕೆ ಚಾವಣಿ ಸೋರ್ತಿತ್ತು, ಎಲ್ರೂ ಬಿಟ್ಟುಹೋದ್ರು. ನನ್ನ ಹೆಂಡತಿ ಹೋಗಿ ಗೋಡೆಗೆ ಬಣ್ಣ ಬಳಿದ್ಲು. ಬಿಟ್ಟುಹೋಗಿ ಅಂತ ನಮಗೂ ಹೇಳಿದ್ರು. ಹೋಗಲಿಲ್ಲ. ಮುಚ್ಚಿಬಿಡಬೇಕು ಅಂತ ಸಭೆ ಮಾಡಿದಾಗ ಮಳೇಲಿ ನಿಂತ್ಕೊಂಡು ಬೇಡ ಅಂದೋರು ನಾವು. ಈಗ ಗಾಜು ಹಾಕಿದೀರ, ಚೆನ್ನಾಗಿದೆ. ಈಗ ನನ್ನ ಮೊಮ್ಮಗಳು ಬಂದ್ರೆ ಜಾಗ ಇಲ್ಲ ಅಂತೀರ. ಯಾರದ್ರೀ ಆ ಜಾಗ?"

ಉಪಮುಖ್ಯಸ್ಥ ತಲೆ ತಗ್ಗಿಸಿ ಪೆನ್ನು ನೋಡುತ್ತಿದ್ದ. ಶ್ರೀಮತಿ ಹೆಸ್ಕೆತ್ ಕನ್ನಡಕ ಇಳಿಸಿದಳು.

"ನೀವು ಹೇಳಿದ್ದೆಲ್ಲ ನಿಜ, ಸ್ವಾಮಿ. ನನ್ನ ಅಣ್ಣನೂ ಆ ತಗಡಿನಲ್ಲೇ ಓದಿದ್ದು. ಅವನ ಕಾಲುಚೀಲ ನಾನೇ ಒಗೀತಿದ್ದೆ," ಎಂದಳು. "ಆದ್ರೆ ಅಜ್ಜ ಓದಿದ್ದು ಲೆಕ್ಕಕ್ಕೆ ತಗೊಂಡ್ರೆ, ಹೋದ ವರ್ಷ ಈ ಊರಿಗೆ ಬಂದೋರ ಮಗುಗೆ ಏನು ಹೇಳಲಿ? ಆ ಮಗುಗೆ ಇಲ್ಲಿ ಅಜ್ಜ ಇಲ್ಲ."

ಅಪ್ಪ ನಿಧಾನವಾಗಿ ಕೂತ. ಬೇರೆ ಯಾರಾದರೂ ಆಗಿದ್ದರೆ ಅವನು ಜಗಳಕ್ಕೆ ನಿಲ್ಲುತ್ತಿದ್ದ. ಕಾಲುಚೀಲ ಒಗೆದವಳ ಹತ್ತಿರ ಏನೆಂದು ಜಗಳಾಡುವುದು.

ಕೆಳಗಿಳಿದು ಬರುವಾಗ ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಂಡ. "ಅವತ್ತು ನನ್ನ ತಲೆ ಸಾಲದು ಅಂದ್ರು. ಇವತ್ತು ಮನೆ ದೂರ ಅಂತಾರೆ. ಮನೆ ದೂರ ಅನ್ನಿಸ್ಕೊಳೋದೇ ವಾಸಿ ಬಿಡು," ಎಂದ. ಅವನ ತೋಳು ಹಿಡಿದುಕೊಂಡೆ.

ಅಪೀಲು ತಿರಸ್ಕಾರವಾಯಿತು. ಆದರೆ ಕಾಯುವ ಪಟ್ಟಿ ಅಂತ ಒಂದಿರುತ್ತದೆ. ಯಾರಾದರೂ ಸೀಟು ಬಿಟ್ಟರೆ ಅದರಿಂದ ಕರೆಯುತ್ತಾರೆ. ಮಾರ್ನಿ ಒಂಬತ್ತನೆಯವಳು ಎಂದರು. ಅಪ್ಪನಿಗೆ ಮತ್ತೆ ಜೀವ ಬಂತು. "ಒಂಬತ್ತು ಏನು ಮಹಾ. ಬೇಸಿಗೇಲಿ ಜನ ಊರು ಬಿಡ್ತಾರೆ," ಎಂದ. ಜೂನಿನಲ್ಲಿ ಆರನೆಯವಳಾದಳು. ಜುಲೈಯಲ್ಲಿ ನಾಲ್ಕು. ನಾವು ಮನೆಯಲ್ಲಿ ಬೇರೆ ಮಾತೇ ಆಡಲಿಲ್ಲ. ಬ್ಲೇಜರು ತರಲು ತಡಮಾಡಿದೆ. ನೇರಳೆಯೋ, ಆಲ್ಡರ್‌ಬ್ರೋದ ಕಪ್ಪೋ? ಆಗಸ್ಟಿನ ಕೊನೆಯ ವಾರ ಫೋನು ಮಾಡಿದರೆ, ಐದು ಎಂದರು.

"ಹಿಂದಕ್ಕೆ ಹೋಗೋದೂ ಉಂಟಾ?"

"ಹೊಸಬರು ಬಂದು ಹತ್ತಿರದಲ್ಲಿ ಮನೆ ಮಾಡಿದ್ರೆ ಅವರು ನಿಮಗಿಂತ ಮೇಲೆ ಹೋಗ್ತಾರೆ ಮೇಡಂ. ಪಟ್ಟಿ ಬಂದ ಸಾಲಲ್ಲಿ ಅಲ್ಲ, ದೂರದ ಸಾಲಲ್ಲಿ."

ಅವತ್ತು ಹೋಗಿ ಕಪ್ಪು ಬ್ಲೇಜರು ತಂದೆ. ಅಂಗಡಿಯವಳು ಅಳತೆಗಿಂತ ದೊಡ್ಡದು ಕೊಡಲೇ, ಬೆಳೆದಂತೆ ಆಗುತ್ತದೆ ಎಂದಳು. ಮಾರ್ನಿ ಬೇಡ ಎಂದಳು. "ಇದನ್ನ ಅಷ್ಟು ದಿನ ಹಾಕ್ಕೊಳಲ್ಲ," ಎಂದು ಅಂಗಡಿಯವಳಿಗೇ ಹೇಳಿದಳು.

ಸೆಪ್ಟೆಂಬರು ಹೋಯಿತು. ಬೆಳಿಗ್ಗೆ ಕತ್ತಲಿರುವಾಗಲೇ ನಾನು ಡಿಪೋಗೆ, ಆಮೇಲೆ ಅವಳು ಒಬ್ಬಳೇ ಎರಡು ಬಸ್ಸು ಹಿಡಿದು ಗುಡ್ಡಕ್ಕೆ. ಸಂಜೆ ಬಂದು ಮೊದಲು ಕೇಳುವುದು, "ಫೋನ್ ಬಂತಾ?" ಶಾಲೆ ಹೇಗಿತ್ತು ಎಂದರೆ "ಇತ್ತು" ಎನ್ನುವಳು. ಗೆಳತಿಯರು ಆದರಾ ಎಂದರೆ ಭುಜ ಹಾರಿಸುವಳು. ಎಲ್ಲ ಸರಿಹೋಗುತ್ತದೆ ಎಂದುಕೊಂಡು ನಾನು ಬೂಟು ಕಳಚಿ ಸೋಫಾದ ಮೇಲೆ ಒರಗಿದರೆ ಅಲ್ಲೇ ನಿದ್ದೆ.

ಅಕ್ಟೋಬರಿನಲ್ಲಿ ಆಲ್ಡರ್‌ಬ್ರೋದಿಂದ ಫೋನು ಬಂತು. ಅವಳ ಕ್ಲಾಸಿನ ಮೇಷ್ಟ್ರು, ಓಕನ್ ಅಂತೆ. ವೆಲ್ಷ್ ಉಚ್ಚಾರಣೆ.

"ತೊಂದರೆ ಏನಿಲ್ಲಮ್ಮ, ಒಳ್ಳೇ ಹುಡುಗಿ," ಎಂದ. "ಆದ್ರೆ ಅವಳು ಏನಕ್ಕೂ ಸೇರ್ತಿಲ್ಲ. ನೆಟ್‌ಬಾಲ್ ಚೆನ್ನಾಗಿ ಆಡ್ತಾಳೆ, ತಂಡಕ್ಕೆ ಬಾ ಅಂದ್ರೆ ಬರಲ್ಲ. ವಿಜ್ಞಾನದ ಕೂಟಕ್ಕೆ ಕರೆದೆ, ಬರಲ್ಲ. ಲಾಕರ್ ತಗೋ ಅಂದ್ರೆ ತಗೊಳಲ್ಲ, ಅಷ್ಟು ಪುಸ್ತಕಾನೂ ದಿನವಿಡೀ ಬೆನ್ನ ಮೇಲೆ ಹೊರ್ತಾಳೆ. ಯಾಕೆ ಅಂದ್ರೆ, ನಾನು ಬೇಗ ಹೊರಡ್ತೀನಿ ಸಾರ್, ಅಂತಾಳೆ. ಯಾವಾಗ ಹೊರಡ್ತಾಳೆ ಅಂತ ನಿಮಗೇನಾದ್ರೂ ಗೊತ್ತಾ?"

"ಇಲ್ಲ ಸಾರ್. ನಮಗೂ ಗೊತ್ತಿಲ್ಲ."

"ಅವಳ ಪಕ್ಕ ಕೂರೋ ಹುಡುಗಿ ಮೊನ್ನೆ ಹುಟ್ಟಿದಹಬ್ಬಕ್ಕೆ ಕರೆದ್ಲಂತೆ. ಅದಕ್ಕೂ ಇದೇ ಉತ್ತರ ಕೊಟ್ಟಿದಾಳೆ." ಆಮೇಲೆ, "ನಮ್ಮದು ಮಹಾ ಶಾಲೆ ಏನಲ್ಲ, ನಂಗೂ ಗೊತ್ತು. ಆದ್ರೂ ಎಲ್ಲೋ ಒಂದು ಕಡೆ ಇರಬೇಕಲ್ಲ ಮಗು," ಎಂದ.

ಆ ಸಂಜೆ ಅವಳ ಚೀಲ ಎತ್ತಿ ನೋಡಿದೆ. ನಾನು ದೊಡ್ಡ ಬಸ್ಸಿನ ಸ್ಟೀರಿಂಗ್ ತಿರುಗಿಸುವವಳು, ನನ್ನ ಕೈಗೇ ಜಗ್ಗಿತು.

"ಇದನ್ನ ದಿನಾ ಹೊರ್ತೀಯಾ?"

"ಅಭ್ಯಾಸ ಆಗಿದೆ."

"ಯಾಕೆ ಮಾರ್ನಿ?"

ಅವಳು ಕಾಲು ಮಡಚಿ ಕುರ್ಚಿಯ ಮೇಲೆ ಕೂತಳು. "ಲಾಕರಿಗೆ ಹೆಸರು ಬರೀಬೇಕು ಅಮ್ಮ. ಬರೆದ ಮೇಲೆ ಹೋದ್ರೆ ಅಳಿಸಬೇಕು. ತಂಡಕ್ಕೆ ಸೇರಿ ಮಧ್ಯದಲ್ಲಿ ಬಿಟ್ರೆ ಅವರಿಗೆ ಒಬ್ಬರು ಕಮ್ಮಿ ಆಗ್ತಾರೆ. ಪಕ್ಕ ಕೂರೋ ಜೋಹ್ರಾ ಒಳ್ಳೆಯವಳು, ಆದ್ರೆ ಗೆಳತಿ ಮಾಡ್ಕೊಂಡು ಆಮೇಲೆ ಬಾಯ್ ಅನ್ನೋದು ಚೆನ್ನಾಗಿರಲ್ಲ." ಉಗುರು ನೋಡಿಕೊಂಡಳು. "ಯಾವುದೋ ಒಂದಾದ್ರೆ ಸಾಕು. ಅದಾದ್ರೂ ಸರಿ, ಇದಾದ್ರೂ ಸರಿ. ಯಾವುದು ಅಂತ ಗೊತ್ತಾದ್ರೆ ಸಾಕು."

"ಪಟ್ಟಿಯಿಂದ ಹೆಸರು ತೆಗೆಸಿಬಿಡಲಾ?"

"ತಾತ ಬೇಜಾರು ಮಾಡ್ಕೋತಾರೆ," ಎಂದಳು.

"ತಾತನ್ನ ನನಗೆ ಬಿಡು. ನಿಂಗೆ?"

"ತೆಗೆಸಮ್ಮ."

ಭಾನುವಾರ ಅಪ್ಪನ ಮನೆಯಲ್ಲಿ ಹುರಿದ ಮಾಂಸದ ಊಟ ಮುಗಿಸಿ, ಮಾರ್ನಿ ಟಿವಿಯ ಮುಂದೆ ಕೂತಾಗ, ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತ ಹೇಳಿದೆ. ಅಪ್ಪನ ಕೈ ಸಿಂಕಿನಲ್ಲಿ ನಿಂತಿತು.

"ಸೋಲೊಪ್ಕೋತೀಯಾ?"

"ಇದರಲ್ಲಿ ಗೆಲ್ಲೋದು ಸೋಲೋದು ಏನಿದೆ ಅಪ್ಪ."

"ಅದು ನಮ್ಮ ಶಾಲೆ ಗೇನರ್."

"ಆಗಿತ್ತು. ಯಾರಿಗೂ ಬೇಡದಾಗ ನಮ್ಮದಾಗಿತ್ತು. ಎಲ್ರಿಗೂ ಬೇಕು ಅಂದ್ಮೇಲೆ ಅದು ಎಲ್ರದೂ. ನೀನು ಅಗೆದಿದ್ದು ಅದಕ್ಕೇ ಅಲ್ವಾ?"

"ನಾನು ಅಗೆದಿದ್ದು ಮೇಷ್ಟ್ರು ಬೆತ್ತ ಹಿಡಿದು ನಿಂತಿದ್ರು ಅಂತ."

ನನಗೆ ನಗು ಬಂತು. ಅವನಿಗೆ ಬರಲಿಲ್ಲ. "ಆ ಗುಡ್ಡದ ಮೇಲಿನೋರಿಗೆ ಇವಳನ್ನ ಕೊಡಬೇಕಾ?" ಎಂದ. ದನಿ ಸಣ್ಣದಾಗಿತ್ತು. ಆಗ ನನಗೆ ಹೊಳೆಯಿತು. ಇಷ್ಟು ದಿನ ಅವನು ಡೈಹೌಸ್‌ಗಾಗಿ ಹೋರಾಡಿದ್ದು ಅರ್ಧ ಮಾತ್ರ. ಇನ್ನರ್ಧ ಆಲ್ಡರ್‌ಬ್ರೋದ ಮೇಲಿನ ಸಿಟ್ಟು.

"ಅಲ್ಲಿ ಆ ಜನ ಯಾರೂ ಇಲ್ಲ ಅಪ್ಪ. ಅವರ ಮಕ್ಕಳೆಲ್ಲ ನೇರಳೆ ಬ್ಲೇಜರ್ ಹಾಕ್ಕೊಂಡಿದಾರೆ. ಅಲ್ಲಿರೋರು ನಮ್ಮಂಥೋರೇ. ಅವಳ ಪಕ್ಕ ಕೂರೋ ಹುಡುಗಿ ಅಪ್ಪ ಟ್ಯಾಕ್ಸಿ ಓಡಿಸ್ತಾನೆ. ಮೇಷ್ಟ್ರು ನನಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ರು. ನಾನಿದ್ದಾಗ ಡೈಹೌಸ್‌ನಿಂದ ಯಾರಾದ್ರೂ ಮನೆಗೆ ಫೋನ್ ಮಾಡಿದ್ದು ನೆನಪಿದೆಯಾ?"

"ಒಂದ್ಸಲ ಮಾಡಿದ್ರು. ನೀನು ಬಕೆಟ್ ಒದ್ದು ಹೆಡ್‌ಮಾಸ್ತರರ ಬೂಟು ತೋಯಿಸಿದಾಗ."

ಅವನು ಮತ್ತೆ ತಟ್ಟೆ ತೊಳೆಯತೊಡಗಿದ. ಒಂದೇ ತಟ್ಟೆಯನ್ನು ಬಹಳ ಹೊತ್ತು ತೊಳೆದ.

ಸೋಮವಾರ ಕೊನೆಯ ಸ್ಟಾಪಿನಲ್ಲಿ ಎಂಜಿನು ಆರಿಸಿ ಫೋನು ಮಾಡಿದೆ. ಅದೇ ಹುಡುಗಿ. ಹೆಸರು ತೆಗೆಯಬೇಕು ಎಂದೆ. ಕೀಬೋರ್ಡು ಸದ್ದಾಗಿ ನಿಂತಿತು.

"ಮೇಡಂ, ನೀವು ಈಗ ಎರಡನೆಯವರು. ಗೊತ್ತಾ? ಮೊನ್ನೆ ನಿಮ್ಮ ಮುಂದಿದ್ದ ಮೂವರು ಬೇರೆ ಕಡೆ ಸೇರ್ಕೊಂಡ್ರು."

ಗಾಜಿನಾಚೆ ಜನ ಸಾಲುಗಟ್ಟಿದ್ದರು. ಮಳೆ ಹನಿಯುತ್ತಿತ್ತು. ಬ್ರೆಂಡಾ ಬಾಗಿಲು ತಟ್ಟಿ, ತೆಗಿಯೇ ಎಂದು ಕೈ ಮಾಡಿದಳು. ಎರಡನೆಯವಳು. ಎರಡು ಸೀಟು ಖಾಲಿಯಾದರೆ ಸಾಕು. ಇನ್ನೊಂದು ತಿಂಗಳು. ಅಥವಾ ಕ್ರಿಸ್‌ಮಸ್. ಅಥವಾ ಮುಂದಿನ ವರ್ಷ. ಒಂದು ಹೊಸ ಸಂಸಾರ ಲಾರಿಯಿಂದ ಸಾಮಾನು ಇಳಿಸಿದರೆ ಮೂರನೆಯವಳು. ಅಲ್ಲಿಯವರೆಗೆ ಆ ಚೀಲ.

"ಖಾಲಿ ಆಗುತ್ತೆ ಅಂತ ಹೇಳೋಕಾಗುತ್ತಾ?" ಎಂದು ಕೇಳಿದೆ.

"ಹೇಳೋಕಾಗಲ್ಲ ಮೇಡಂ. ಹೇಳಿದ್ರೆ ಸುಳ್ಳಾಗುತ್ತೆ."

"ಹಾಗಾದ್ರೆ ತೆಗೀರಿ."

"ತೆಗೆದ್ರೆ ಮತ್ತೆ ಮೊದಲಿಂದ ಅರ್ಜಿ ಹಾಕಬೇಕಾಗುತ್ತೆ."

"ಗೊತ್ತಮ್ಮ. ತೆಗಿ."

ತೆಗೆದಿದೀನಿ ಎಂದಳು. ಬಾಗಿಲು ತೆರೆದೆ. ಒದ್ದೆಯಾದ ಜನ ಗೊಣಗುತ್ತ ಹತ್ತಿದರು. ಬ್ರೆಂಡಾ ನನ್ನ ಮುಖ ನೋಡಿ ತನ್ನ ಸೀಟಿಗೆ ಹೋಗಿ ಕೂತಳು.

ಅಪ್ಪನಿಗೆ ಆ ಎರಡರ ವಿಷಯ ಹೇಳಬಾರದು ಎಂದು ದಾರಿಯಲ್ಲೇ ನಿರ್ಧರಿಸಿದೆ. ಮಾರ್ನಿಗೂ ಹೇಳಬಾರದು ಎಂದುಕೊಂಡಿದ್ದೆ. ಆದರೆ ಸಂಜೆ ಬಾಗಿಲಲ್ಲಿ ನಿಂತು ಬ್ಲೇಜರು ಬಿಚ್ಚುತ್ತಲೇ ಅವಳು ಕೇಳಿದಳು.

"ಮಾಡಿದ್ಯಾ?"

"ಮಾಡಿದೆ."

"ಎಷ್ಟನೆಯವಳಾಗಿದ್ದೆ?"

ಸುಳ್ಳು ಬಾಯಿಯವರೆಗೆ ಬಂತು. ಏಳು ಎನ್ನಬಹುದಿತ್ತು, ಎಂಟು ಎನ್ನಬಹುದಿತ್ತು. "ಎರಡನೆಯವಳು," ಎಂದೆ.

ಅವಳ ಕೈ ಬ್ಲೇಜರಿನ ತೋಳಿನೊಳಗೇ ನಿಂತಿತು. ಕಣ್ಣಲ್ಲಿ ನೀರು ತುಂಬಿದ್ದು ಕಾಣಿಸಿತು. ಅದು ಕೆಳಗೆ ಬೀಳದ ಹಾಗೆ ಮೇಲೆ ನೋಡುತ್ತ ನಿಂತಳು. ನಾನು ಹತ್ತಿರ ಹೋಗಲಿಲ್ಲ. ಹೋದರೆ ಇಬ್ಬರೂ ಅಳುತ್ತಿದ್ದೆವು.

"ಎರಡನೆಯವಳು ಅಂದ್ರೆ ಇನ್ನೂ ಇಬ್ರು ಬಿಟ್ಟುಹೋಗಬೇಕಿತ್ತು," ಎಂದಳು ಕೊನೆಗೆ.

"ಹೂಂ."

ಬ್ಲೇಜರನ್ನು ಕುರ್ಚಿಯ ಬೆನ್ನಿಗೆ ಹಾಕಿ, ಅದರ ಭುಜ ಸರಿಮಾಡಿದಳು.

"ಯಾರೂ ಬಿಡಲ್ಲಮ್ಮ," ಎಂದಳು. "ಅದು ಒಳ್ಳೇ ಶಾಲೆ."